ಮಂದ್ರದ ತಂತಿಗೆ ವಿದ್ಯುತ್ತಿನ ದನಿ

ಬಾಸ್ ಗಿಟಾರ್‌ನ ನಾಲ್ಕು ತಂತಿಗಳಲ್ಲಿ ಅತಿ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಐದು ತಂತಿಯ ವಾದ್ಯದಲ್ಲಿ ಅದಕ್ಕೂ ಕೆಳಗೆ ಇನ್ನೊಂದು ತಂತಿಯಿದ್ದು, ಅದರ ಕಂಪನ 31ಕ್ಕೆ ಇಳಿಯುತ್ತದೆ. ಘನ ಮರದ ಹಲಗೆಯ ಮೇಲೆ ಬಿಗಿದ ಈ ತಂತಿಗಳಿಗೆ ಸ್ವಂತ ಸದ್ದು ಇಲ್ಲವೆಂದೇ ಹೇಳಬೇಕು. ಎದುರಿಗೆ ಕೂತವರಿಗೂ ಕಷ್ಟದಿಂದ ಕೇಳೀತು. ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಪಿಕಪ್, ಆ ವಿದ್ಯುತ್ತನ್ನು ತಿದ್ದುವ ಗುಂಡಿಗಳು ಮತ್ತು ಪ್ರೀಆಂಪ್, ಅದನ್ನು ಹೊರಗೆ ಕಳಿಸುವ ಜ್ಯಾಕ್, ಇಷ್ಟೂ ಸೇರಿದ ಮೇಲೆಯೇ ವಾದ್ಯಕ್ಕೆ ದನಿ ಬರುವುದು.

ಹಲವು ಲಕ್ಷ ರೂಪಾಯಿ ಬೆಲೆಯ ಬಾಸ್‌ಗಳನ್ನು ಆರ್ಡರಿನ ಮೇಲೆ ಕಟ್ಟಿಕೊಡುವ ತಯಾರಕರು ಮರ, ಕತ್ತು, ತಂತಿಯ ಉದ್ದದ ಜೊತೆಗೆ ಈ ವಿದ್ಯುನ್ಮಾನ ಭಾಗದಲ್ಲೂ ಗ್ರಾಹಕರಿಗೆ ಆಯ್ಕೆ ಕೊಡುತ್ತಾರೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1983ರಲ್ಲಿ ಆರಂಭವಾದ ಫೊಡೆರಾ, ಅದೇ ನಗರದಲ್ಲಿ ಬೆಳೆದ ಸ್ಯಾಡೋಸ್ಕಿ ಇಂಥ ಹೆಸರುಗಳು. ಆಯ್ಕೆಯ ಪಟ್ಟಿ ಉದ್ದವಿದ್ದರೂ ಅದನ್ನು ನಿರ್ಧರಿಸುವ ಸಂಗತಿಗಳು ಕೆಲವೇ: ವಾದ್ಯ ಎಲ್ಲಿ ನುಡಿಯಲಿದೆ, ಯಾವ ಕರೆಂಟಿನ ಮೇಲೆ, ಯಾರ ಮಿಕ್ಸರಿಗೆ, ಕೆಟ್ಟರೆ ಯಾರ ಕೈಗೆ. ಕೃಷ್ಣಾ ಕೊಳ್ಳದ ಐದು ತಾಲೂಕುಗಳಿಗೆ, ಅಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಿಗೆ, ಈ ಪ್ರಶ್ನೆ ಹೊಸದಲ್ಲ. ಮಹಾರಾಷ್ಟ್ರದ ಗಡಿಯಾಚೆ ಕೆಲವೇ ಮೈಲಿ ದೂರದ ಮೀರಜ್‌ನಲ್ಲಿ ಕಟ್ಟುವ ತಂಬೂರಿ, ಸಿತಾರಗಳು ಮೈಕಿನ ಮುಂದೆ ಬಂದ ದಿನದಿಂದ ಇದೇ ಪ್ರಶ್ನೆಯನ್ನು ಎದುರಿಸುತ್ತಿವೆ. ಅದರ ಮಾತು ಮುಂದೆ ಬರುತ್ತದೆ.

ಮೊದಲು ಪಿಕಪ್. ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದರೆ ಅದೇ ಪಿಕಪ್. ಅಯಸ್ಕಾಂತದ ವಲಯದಲ್ಲಿ ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇದು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ವ. ಸಕ್ಕರೆ ಕಾರ್ಖಾನೆಯ ಟರ್ಬೈನ್ ತಿರುಗಿಸುವ ಆಲ್ಟರ್ನೇಟರಿನಿಂದ ಹಿಡಿದು ಮೆರವಣಿಗೆಯ ಜನರೇಟರಿನವರೆಗೆ ಎಲ್ಲವೂ ನಡೆಯುವುದು ಇದರ ಮೇಲೆಯೇ. ತೊಂದರೆ ಹುಟ್ಟುವುದೂ ಇಲ್ಲಿಯೇ. ತಂತಿಯ ಕಂಪನವನ್ನು ಹಿಡಿಯುವ ಸುರುಳಿ ಸುತ್ತಮುತ್ತಲಿನ ಟ್ರಾನ್ಸ್‌ಫಾರ್ಮರ್, ದೀಪದ ಡಿಮ್ಮರ್, ವಿದ್ಯುತ್ ವೈರುಗಳ ಕಾಂತವಲಯವನ್ನೂ ಅಷ್ಟೇ ನಿಷ್ಠೆಯಿಂದ ಹಿಡಿಯುತ್ತದೆ. ಸ್ಪೀಕರಿನಿಂದ ಬರುವ ಗುಂಯ್ ಎಂಬ ಸದ್ದು ಅದೇ.

ಈ ಗುಂಯ್‌ಗುಡುವಿಕೆ ಎಲ್ಲ ವಿದ್ಯುತ್ ವಾದ್ಯಗಳಿಗೂ ಕಾಟವೇ. ಆದರೆ ಭಾರತದಲ್ಲಿ ಬಾಸ್ ಗಿಟಾರ್‌ಗೆ ಅದು ಕೊಡುವ ಕಾಟ ವಿಶೇಷವಾದದ್ದು. ಇಲ್ಲಿನ ವಿದ್ಯುತ್ ಜಾಲದ ಆವರ್ತನ 50 ಹರ್ಟ್ಸ್. ಬಾಸ್‌ನ ಅತಿ ದಪ್ಪ ತಂತಿಯನ್ನು ಮೂರನೆಯ ಮೆಟ್ಟಿನಲ್ಲಿ ಒತ್ತಿ ಮೀಟಿದರೆ ಬರುವ ಜಿ ಸ್ವರದ ಆವರ್ತನ 49 ಹರ್ಟ್ಸ್. ಎರಡರ ನಡುವಿನ ಅಂತರ ಒಂದೇ ಹರ್ಟ್ಸ್. ಹೀಗಾಗಿ ಆ ಸ್ವರವನ್ನು ಹಿಡಿದು ನಿಲ್ಲಿಸಿದಾಗ ಗುಂಯ್ ಸದ್ದು ಅದರೊಂದಿಗೆ ಬೆರೆತು, ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುವ ಅಲೆಯಾಗಿ ಕೇಳಿಸುತ್ತದೆ. ಬಿಡಿಯಾಗಿ ಮೀಟಿದ ಅತಿ ತೆಳು ತಂತಿಯದು 98 ಹರ್ಟ್ಸ್. ಗುಂಯ್ ಸದ್ದಿನ ಎರಡನೆಯ ಉಪಸ್ವರ 100 ಹರ್ಟ್ಸ್. ಅಲ್ಲಿ ಅಲೆ ಸೆಕೆಂಡಿಗೆ ಎರಡು. ಅಮೆರಿಕದಲ್ಲಿ ಜಾಲದ ಆವರ್ತನ 60 ಹರ್ಟ್ಸ್ ಆದ್ದರಿಂದ ಅಲ್ಲಿನ ವಾದಕರಿಗೆ ಈ ಸ್ವರದಲ್ಲಿ ಈ ತೊಡಕು ಬರುವುದಿಲ್ಲ. ಕೊಳಲು, ಹಾರ್ಮೋನಿಯಂ, ಗಾಯನದ ಮೈಕಿನಲ್ಲಿ ಗುಂಯ್ ಸದ್ದು ಬಂದರೆ ಧ್ವನಿ ಎಂಜಿನಿಯರ್ ಕೆಳ ಆವರ್ತನಗಳನ್ನು ಕತ್ತರಿಸಿ ಪಾರಾಗಬಹುದು. ಬಾಸ್‌ನಲ್ಲಿ ಹಾಗೆ ಮಾಡಿದರೆ ಕತ್ತರಿಯಾಗುವುದು ಸಂಗೀತವೇ. ವೇದಿಕೆ ಜನರೇಟರಿನ ಮೇಲೆ ನಡೆಯುತ್ತಿದ್ದರಂತೂ ದೀಪಗಳ ಹೊರೆ ಏರಿಳಿದಂತೆ ಎಂಜಿನ್ನಿನ ವೇಗವೂ ಅದರೊಂದಿಗೆ ಗುಂಯ್ ಸದ್ದಿನ ಶ್ರುತಿಯೂ ಹೊಯ್ದಾಡುತ್ತವೆ.

ಆದ್ದರಿಂದ ಪಿಕಪ್‌ನ ಜಾತಿ ಯಾವುದು ಎಂಬುದು ಇಲ್ಲಿ ಮೊದಲ ನಿರ್ಧಾರ. ಒಂದೇ ಸುರುಳಿಯ ಪಿಕಪ್‌ನ ದನಿ ಸ್ಪಷ್ಟ, ತೆರೆದದ್ದು. ಗುಂಯ್ ಸದ್ದೂ ಅದರ ಪಾಲಿಗೆ ಕಟ್ಟಿಟ್ಟದ್ದು. ಇದಕ್ಕೆ ಪರಿಹಾರವಾಗಿ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಸುತ್ತಿ, ಅಯಸ್ಕಾಂತಗಳನ್ನೂ ತಿರುಗುಮುರುಗಾಗಿಸಿ ಜೋಡಿಸಿದರು. ಹೊರಗಿನ ಕಾಂತವಲಯ ಎರಡೂ ಸುರುಳಿಗಳಲ್ಲಿ ವಿರುದ್ಧ ದಿಕ್ಕಿನ ವಿದ್ಯುತ್ ಹುಟ್ಟಿಸಿ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ತಂತಿಯ ವಿದ್ಯುತ್ ಮಾತ್ರ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಇದೇ ಹಂಬಕರ್. ಲಿಯೊ ಫೆಂಡರ್ 1951ರಲ್ಲಿ ಹೊರತಂದ ಪ್ರೆಸಿಷನ್ ಬಾಸ್‌ನಲ್ಲಿ ಇದ್ದದ್ದು ಒಂದೇ ಸುರುಳಿ. 1957ರಲ್ಲಿ ಅದನ್ನು ಎರಡು ತುಂಡು ಮಾಡಿ, ಎರಡೆರಡು ತಂತಿಗಳಿಗೆ ಒಂದೊಂದು ತುಂಡಿನಂತೆ ಹಂಚಿದ ಮೇಲೆ ಅದೂ ಗುಂಯ್ ಸದ್ದಿನಿಂದ ಬಿಡುಗಡೆ ಪಡೆಯಿತು. ಪ್ರತಿ ತಂತಿಗೆ ಒಂದೇ ಸುರುಳಿಯ ಸ್ಪಷ್ಟತೆ, ಇಡೀ ವಾದ್ಯಕ್ಕೆ ಎರಡು ಸುರುಳಿಯ ಮೌನ. ಸುಮಾರು ಏಳು ದಶಕ ಕಳೆದರೂ ಇದಕ್ಕಿಂತ ಸರಳವಾದ ಪರಿಹಾರ ಬಂದಿಲ್ಲ.

ಫೆಂಡರ್‌ನದೇ ಆದ 1960ರ ಜಾಝ್ ಬಾಸ್‌ನ ಕಥೆ ಸ್ವಲ್ಪ ಬೇರೆ. ಅದಕ್ಕೆ ಎರಡು ಒಂಟಿ ಸುರುಳಿ ಪಿಕಪ್‌ಗಳು, ಎರಡಕ್ಕೂ ಬೇರೆ ಬೇರೆ ವಾಲ್ಯೂಮ್ ಗುಂಡಿ. ಎರಡನ್ನೂ ಪೂರ್ತಿ ತೆರೆದರೆ ಗುಂಯ್ ಸದ್ದು ಅಳಿಯುತ್ತದೆ. ಒಂದನ್ನು ಇಳಿಸಿದ ಕೂಡಲೇ ಮರಳಿ ಬರುತ್ತದೆ. ಬೆಲೆಬಾಳುವ ಬಾಸ್‌ಗಳಲ್ಲಿ ಬಹುಪಾಲು ಇದೇ ವಿನ್ಯಾಸದ ಮಕ್ಕಳು ಮೊಮ್ಮಕ್ಕಳು. ಕುದುರೆಯ ಬಳಿಯ ಪಿಕಪ್ ಒಂದನ್ನೇ ನುಡಿಸುವ ಅಭ್ಯಾಸವುಳ್ಳವರು ಒಂದೇ ಪಿಕಪ್ಪಿನ ಅಗಲದಲ್ಲಿ ಎರಡು ಸುರುಳಿಗಳನ್ನು ಒಂದರ ಮೇಲೊಂದು ಅಥವಾ ಸಾಲಾಗಿ ಕೂರಿಸಿದ ಮೌನ ಪಿಕಪ್‌ಗಳನ್ನು ಆರಿಸುವುದೇ ಮೇಲು. ಹಳೆಯ ಒಂಟಿ ಸುರುಳಿಯ ಹೊಳಪು ಅದರಲ್ಲಿ ಕೊಂಚ ಕಡಿಮೆ. ಸ್ಟುಡಿಯೊದಲ್ಲಿ ಈ ಕೊರತೆ ಕಿವಿಗೆ ಬೀಳುತ್ತದೆ. ಯಡೂರಿನ ವೀರಭದ್ರನ ಜಾತ್ರೆಯಲ್ಲಿ, ಚಿಂಚಲಿ ಮಾಯಕ್ಕನ ಭಾರತ ಹುಣ್ಣಿಮೆಯ ಜನಜಂಗುಳಿಯಲ್ಲಿ ಬೀಳುವುದಿಲ್ಲ. ಅಲ್ಲಿ ಬೀಳುವುದು ಗುಂಯ್ ಸದ್ದು.

ಪಿಕಪ್ ಎಲ್ಲಿ ಕೂತಿದೆ ಎಂಬುದು ಅದರ ಜಾತಿಯಷ್ಟೇ ಮುಖ್ಯ. ತಂತಿ ಕಂಪಿಸುವಾಗ ಮೂಲಸ್ವರದ ಜೊತೆ ಅದರ ಇಮ್ಮಡಿ, ಮುಮ್ಮಡಿ, ನಾಲ್ಮಡಿ ಆವರ್ತನದ ಉಪಸ್ವರಗಳೂ ಹುಟ್ಟುತ್ತವೆ. ಒಂದೊಂದು ಉಪಸ್ವರಕ್ಕೂ ತಂತಿಯ ಮೇಲೆ ಕೆಲವು ಅಲುಗದ ಬಿಂದುಗಳಿರುತ್ತವೆ. ತಂತಿಯ ಕಾಲುಭಾಗದ ಬಿಂದುವಿನ ಕೆಳಗೆ ಪಿಕಪ್ ಇಟ್ಟರೆ ಬಿಡಿತಂತಿಯ ನಾಲ್ಕನೆಯ, ಎಂಟನೆಯ ಉಪಸ್ವರಗಳು ಅದಕ್ಕೆ ಕೇಳಿಸುವುದೇ ಇಲ್ಲ. 34 ಇಂಚಿನ ತಂತಿಯಲ್ಲಿ ಆ ಬಿಂದು ಕುದುರೆಯಿಂದ ಎಂಟೂವರೆ ಇಂಚಿನಲ್ಲಿದೆ. ಪಿಕಪ್ಪನ್ನು ಕುದುರೆಯ ಹತ್ತಿರ ಒಯ್ದಂತೆ ಮೇಲಿನ ಉಪಸ್ವರಗಳು ಹೆಚ್ಚಿ ದನಿ ಬಿಗಿಯಾಗುತ್ತದೆ. ಕತ್ತಿನ ಕಡೆ ಸರಿಸಿದಂತೆ ಮೂಲಸ್ವರ ತುಂಬಿಕೊಂಡು ದನಿ ದುಂಡಗಾಗುತ್ತದೆ. ಇದನ್ನು ಯಾವ ಪ್ರೀಆಂಪೂ ಆಮೇಲೆ ಬದಲಿಸಲಾರದು. ಪಿಕಪ್‌ಗೆ ಸಿಗದ ಉಪಸ್ವರವನ್ನು ಗುಂಡಿ ತಿರುಗಿಸಿ ಹುಟ್ಟಿಸಲಾಗದು. ಆರ್ಡರ್ ಕೊಡುವವರು ಪ್ರೀಆಂಪಿನ ಹೆಸರಿಗೆ ಕೊಡುವ ಗಮನದಲ್ಲಿ ಅರ್ಧವನ್ನಾದರೂ ಪಿಕಪ್ಪಿನ ಜಾಗಕ್ಕೆ ಕೊಡಬೇಕು.

ಇನ್ನು ಪ್ಯಾಸಿವ್ ಮತ್ತು ಆ್ಯಕ್ಟಿವ್ ಎಂಬ ಎರಡು ದಾರಿಗಳು. ಪ್ಯಾಸಿವ್ ಎಂದರೆ ಬ್ಯಾಟರಿ ಇಲ್ಲದ್ದು. ಪಿಕಪ್ಪಿನಿಂದ ಬಂದ ವಿದ್ಯುತ್ತು 250 ಅಥವಾ 500 ಕಿಲೋಓಮ್‌ನ ವಾಲ್ಯೂಮ್ ಗುಂಡಿ, ಹೆಚ್ಚಾಗಿ 0.047 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇರುವ ಟೋನ್ ಗುಂಡಿ, ಇವುಗಳನ್ನು ದಾಟಿ ಜ್ಯಾಕಿಗೆ ಹೋಗುತ್ತದೆ. ಟೋನ್ ಗುಂಡಿ ಮೇಲಿನ ಆವರ್ತನಗಳನ್ನು ತಗ್ಗಿಸಬಲ್ಲದು, ಯಾವುದನ್ನೂ ಹೆಚ್ಚಿಸಲಾರದು. ಸಾಮಾನು ಕಡಿಮೆ, ಕೆಡುವುದೂ ಕಡಿಮೆ.

ಆದರೆ ಪ್ಯಾಸಿವ್ ಬಾಸ್‌ನ ದನಿ ಜ್ಯಾಕಿನಲ್ಲಿ ಮುಗಿಯುವುದಿಲ್ಲ. ಕೇಬಲ್ ಕೂಡ ಅದರ ಭಾಗ. ಪಿಕಪ್ಪಿನ ಪ್ರೇರಕತೆಯೂ ಕೇಬಲ್ಲಿನ ಧಾರಕತೆಯೂ ಸೇರಿ ಒಂದು ಆವರ್ತನದಲ್ಲಿ ದನಿಗೆ ಉಬ್ಬು ಕೊಡುತ್ತವೆ, ಅದರ ಮೇಲೆ ಎಲ್ಲವೂ ಇಳಿಯುತ್ತದೆ. 4 ಹೆನ್ರಿಯ ಪಿಕಪ್, ಮೀಟರಿಗೆ 100 ಪಿಕೋಫ್ಯಾರಡ್‌ನ ಕೇಬಲ್ ಎಂದು ಹಿಡಿದು ಲೆಕ್ಕ ಹಾಕಬಹುದು. 5 ಮೀಟರ್ ಕೇಬಲ್ಲಿನಲ್ಲಿ ಆ ಉಬ್ಬು ಸುಮಾರು 3,560 ಹರ್ಟ್ಸ್‌ನಲ್ಲಿ ಬರುತ್ತದೆ. ದೊಡ್ಡ ವೇದಿಕೆಗೆಂದು 10 ಮೀಟರ್ ಎಳೆದರೆ 2,520ಕ್ಕೆ ಇಳಿಯುತ್ತದೆ. ಬೆರಳಿನ ಮೀಟಿನ ಚುರುಕು ಇರುವುದು ಇದೇ ಹರವಿನಲ್ಲಿ. ಮನೆಯಲ್ಲಿ ಚೆನ್ನಾಗಿ ಕೇಳಿದ ಬಾಸ್ ಮೈದಾನದಲ್ಲಿ ಮಂಕಾಗಿ ಕೇಳುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಮಿಕ್ಸರ್. ಬಾಸ್‌ಗೆಂದೇ ಆಂಪ್ಲಿಫೈಯರ್ ಇಲ್ಲದ ವೇದಿಕೆಯಲ್ಲಿ ವಾದ್ಯವನ್ನು ನೇರವಾಗಿ ಮಿಕ್ಸರಿನ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ, ಆ ಇನ್‌ಪುಟ್‌ನ ತಡೆ ಸಾಮಾನ್ಯವಾಗಿ 10 ಕಿಲೋಓಮ್ ಆಸುಪಾಸು. ಪ್ಯಾಸಿವ್ ಬಾಸ್‌ಗೆ ಬೇಕಾದದ್ದು ಹತ್ತು ಲಕ್ಷ ಓಮ್, ಅಂದರೆ 1 ಮೆಗಾಓಮ್. 8 ಕಿಲೋಓಮ್‌ನ ಪಿಕಪ್ ಅಂಥ ಮಿಕ್ಸರಿಗೆ ಹೋದಾಗ ಮಟ್ಟ ಅರ್ಧದ ಹತ್ತಿರಕ್ಕೆ ಕುಸಿಯುತ್ತದೆ, 700 ಹರ್ಟ್ಸ್ ಆಸುಪಾಸಿನಿಂದಲೇ ಮೇಲಿನ ಉಪಸ್ವರಗಳು ಜಾರತೊಡಗುತ್ತವೆ. ಉಳಿಯುವುದು ಬರೀ ಗುಡುಗುಡು. ಲಕ್ಷಗಟ್ಟಲೆ ಬೆಲೆಯ ವಾದ್ಯವೂ ಇಲ್ಲಿ ಸಾಧಾರಣ ವಾದ್ಯದಂತೆ ಕೇಳಿಸುತ್ತದೆ. ನಡುವೆ, ವಾದ್ಯದ ಕಡೆಗೆ ಹೆಚ್ಚಿನ ತಡೆ ಒಡ್ಡಿ ಮಿಕ್ಸರಿಗೆ ತಕ್ಕಂತೆ ದನಿ ದಾಟಿಸುವ ಒಂದು ಡಿಐ ಬಾಕ್ಸ್ ಇಟ್ಟರೆ ಈ ಸಮಸ್ಯೆ ಪೂರ್ತಿ ಮಾಯ. ವಾದ್ಯದೊಳಗಿನ ವಿದ್ಯುನ್ಮಾನಕ್ಕೆ ಸಾವಿರಾರು ರೂಪಾಯಿ ಸುರಿಯುವ ಮುನ್ನ ಒಂದು ಒಳ್ಳೆಯ ಡಿಐ ಬಾಕ್ಸನ್ನು ಸ್ವಂತಕ್ಕೆ ಕೊಂಡು ಚೀಲದಲ್ಲಿ ಇಟ್ಟುಕೊಳ್ಳುವುದು ಈ ಭಾಗದ ವಾದಕರಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಖರ್ಚು.

ಆ್ಯಕ್ಟಿವ್ ದಾರಿಯಲ್ಲಿ ಪಿಕಪ್ ಮತ್ತು ಜ್ಯಾಕಿನ ನಡುವೆ ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ ಇರುತ್ತದೆ. ಅದು ಎರಡು ಕೆಲಸ ಮಾಡುತ್ತದೆ. ಪಿಕಪ್ಪನ್ನು ಕೇಬಲ್ಲಿನಿಂದ ಬೇರ್ಪಡಿಸಿ, ಎಷ್ಟು ಉದ್ದದ ಕೇಬಲ್ಲಾದರೂ ದನಿ ಕೆಡದಂತೆ ಕಾಯುವುದು ಒಂದು. ಮಂದ್ರ, ಮಧ್ಯ, ತಾರ ಆವರ್ತನಗಳನ್ನು ಏರಿಸಿ ಇಳಿಸಲು ಗುಂಡಿಗಳನ್ನು ಕೊಡುವುದು ಇನ್ನೊಂದು. ಕ್ಯಾಲಿಫೋರ್ನಿಯಾದ ಅಲೆಂಬಿಕ್ ಕಂಪನಿ 1970ರ ದಶಕದ ಆರಂಭದಲ್ಲಿ ಈ ದಾರಿ ಹಾಕಿತು. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಅದನ್ನು ಸಾಮಾನ್ಯ ವಾದಕರಿಗೂ ತಲುಪಿಸಿತು. ಆ ಕಾಲದಲ್ಲಿ ಒಂದೇ ಮಾದರಿಯ ವಾದ್ಯ ಎರಡು ದಾರಿ ಹಿಡಿದದ್ದು ಗಮನಿಸಬೇಕಾದ ಸಂಗತಿ. ಬಾಸ್ ವಾದಕ ಜಾಕೊ ಪಾಸ್ಟೋರಿಯಸ್ ತನ್ನ ಮೆಟ್ಟಿಲ್ಲದ 1962ರ ಜಾಝ್ ಬಾಸ್‌ನ ವಿದ್ಯುತ್ ಭಾಗವನ್ನು ಪ್ಯಾಸಿವ್ ಆಗಿಯೇ ಉಳಿಸಿಕೊಂಡು, ಕುದುರೆಯ ಬಳಿಯ ಪಿಕಪ್ಪಿನಿಂದ ಮಾತಾಡುವಂಥ ದನಿ ತೆಗೆದ. ಇನ್ನೊಬ್ಬ ವಾದಕ ಮಾರ್ಕಸ್ ಮಿಲ್ಲರ್ ತನ್ನ 1977ರ ಜಾಝ್ ಬಾಸ್‌ಗೆ ರೋಜರ್ ಸ್ಯಾಡೋಸ್ಕಿಯ ಕೈಯಲ್ಲಿ ಪ್ರೀಆಂಪ್ ಕೂರಿಸಿಕೊಂಡು, ಹೆಬ್ಬೆರಳಿನ ಹೊಡೆತಕ್ಕೆ ಗಾಜಿನ ಹೊಳಪು ತಂದ. ಬೆಲೆಬಾಳುವ ಬಾಸ್‌ಗಳ ಇಂದಿನ ಮಾರುಕಟ್ಟೆಯ ಬಹುಭಾಗ ಈ ಎರಡನೆಯ ದನಿಯ ಹಿಂದೆ ಬಂದದ್ದು.

ಪ್ರೀಆಂಪ್‌ಗಳಲ್ಲಿ ಒಂದಕ್ಕೊಂದು ಸ್ವಭಾವ ಭೇದವಿದೆ. ಸ್ಯಾಡೋಸ್ಕಿಯದು ಮಂದ್ರವನ್ನೂ ತಾರವನ್ನೂ ಏರಿಸುತ್ತದೆ ಅಷ್ಟೇ, ಇಳಿಸುವುದಿಲ್ಲ. ಅಗ್ವಿಲಾರ್‌ನ ಒಬಿಪಿ-3ರಲ್ಲಿ ಮಧ್ಯದ ಗುಂಡಿಯೂ ಇದ್ದು, ಅದರ ಕೇಂದ್ರವನ್ನು 400 ಅಥವಾ 800 ಹರ್ಟ್ಸ್‌ಗೆ ಬದಲಿಸಿಕೊಳ್ಳಬಹುದು. ಎರಡರಲ್ಲೂ ಮಂದ್ರದ ಏರಿಕೆಯ ಕೇಂದ್ರ 40 ಹರ್ಟ್ಸ್ ಸುತ್ತ. ಮನೆಯಲ್ಲಿ ಒಳ್ಳೆಯ ಹೆಡ್‌ಫೋನಿನಲ್ಲಿ ಈ ಏರಿಕೆ ಎದೆ ತುಂಬುತ್ತದೆ. ಬಯಲು ವೇದಿಕೆಯಲ್ಲಿ ಲೆಕ್ಕ ಬೇರೆಯಾಗುತ್ತದೆ. 12 ಡೆಸಿಬೆಲ್ ಏರಿಸುವುದೆಂದರೆ ಆ ಆವರ್ತನದಲ್ಲಿ ಆಂಪ್ಲಿಫೈಯರಿನಿಂದ ಹದಿನಾರು ಪಟ್ಟು ಶಕ್ತಿ ಕೇಳುವುದು. ಬಾಡಿಗೆಯ ದೊಡ್ಡ ಸ್ಪೀಕರ್ ಪೆಟ್ಟಿಗೆಗಳು 40 ಹರ್ಟ್ಸ್‌ನಲ್ಲಿ ಆಗಲೇ ಸೋಲುತ್ತಿರುತ್ತವೆ. ಕೊಟ್ಟ ಶಕ್ತಿ ಸದ್ದಾಗದೆ ಸ್ಪೀಕರಿನ ಸುರುಳಿಯನ್ನು ಬಿಸಿ ಮಾಡುತ್ತದೆ, ತಬಲಾ ಢೋಲಕಿಗಳಿಗೂ ಗಾಯಕರಿಗೂ ಸಲ್ಲಬೇಕಾದ ಶಕ್ತಿ ತಿಂದುಹೋಗುತ್ತದೆ. ರಸಮಂಜರಿಯಲ್ಲಿ ಬಾಸ್‌ನ ಸ್ವರ ಜನರಿಗೆ ಗುರುತು ಸಿಗುವುದು 200ರಿಂದ 800 ಹರ್ಟ್ಸ್‌ಗಳ ನಡುವಿನ ಉಪಸ್ವರಗಳಿಂದ. ಮಧ್ಯದ ಗುಂಡಿ ಇಲ್ಲದ ಪ್ರೀಆಂಪ್ ಇಂಥ ವೇದಿಕೆಗೆ ಅರ್ಧ ಸಾಧನ. ಶಿಶುನಾಳ ಶರೀಫರ ಪದಗಳನ್ನು ಗಿಟಾರ್, ಡ್ರಮ್ಮುಗಳ ಜೊತೆ ದೇಶ ವಿದೇಶಗಳಿಗೆ ಒಯ್ದ ರಘು ದೀಕ್ಷಿತ್ ತಂಡದ ಹಾಡುಗಳನ್ನು ಗಮನವಿಟ್ಟು ಕೇಳಿದವರಿಗೆ, ಬಾಸ್‌ನ ಕೆಲಸ ನೆಲ ನಡುಗಿಸುವುದಕ್ಕಿಂತ ಹಾಡಿಗೆ ಹೆಜ್ಜೆ ಹಾಕಿಕೊಡುವುದು ಎಂದು ತಿಳಿಯುತ್ತದೆ.

ಬ್ಯಾಟರಿಯ ಭಯ ಹಲವರಿಗೆ ಇರುವುದುಂಟು. ಅದು ಅಷ್ಟಾಗಿ ಬೇಕಿಲ್ಲ. ಸುಮಾರು 500 ಮಿಲಿಆಂಪ್ ಅವರ್ ಸಾಮರ್ಥ್ಯದ 9 ವೋಲ್ಟ್ ಆಲ್ಕಲೈನ್ ಬ್ಯಾಟರಿ ಅರ್ಧ ಮಿಲಿಆಂಪ್ ಎಳೆಯುವ ಪ್ರೀಆಂಪಿಗೆ ಸಾವಿರ ಗಂಟೆ ಬರುತ್ತದೆ. ಕೇಬಲ್ ಚುಚ್ಚಿರುವಷ್ಟು ಹೊತ್ತೂ ಅದು ಖರ್ಚಾಗುತ್ತಿರುತ್ತದೆ ಎಂಬುದನ್ನು ಮರೆತು ದಿನಗಟ್ಟಲೆ ಹಾಗೇ ಬಿಡುವುದೇ ಬ್ಯಾಟರಿ ಸಾಯಲು ಮುಖ್ಯ ಕಾರಣ. ಎರಡು ಬ್ಯಾಟರಿ ಜೋಡಿಸಿ 18 ವೋಲ್ಟ್ ಮಾಡಿಕೊಂಡರೆ ಜೋರು ಹೊಡೆತಕ್ಕೂ ದನಿ ಒಡೆಯುವುದಿಲ್ಲ; ಮೆಲ್ಲಗೆ ನುಡಿಸುವವರಿಗೆ ಅದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಬ್ಯಾಟರಿ ಸತ್ತಾಗ ಪ್ರೀಆಂಪನ್ನು ದಾಟಿ ಪಿಕಪ್ಪನ್ನು ನೇರವಾಗಿ ಜ್ಯಾಕಿಗೆ ಸೇರಿಸುವ ಸ್ವಿಚ್ ಮಾತ್ರ ಇರಲೇಬೇಕು. ಆರ್ಡರಿನಲ್ಲಿ ಆ ಸ್ವಿಚ್ ಐಚ್ಛಿಕವೆಂದು ಬರೆದಿದ್ದರೆ ಮೊದಲು ಟಿಕ್ ಮಾಡಬೇಕಾದದ್ದು ಅದನ್ನೇ.

ಇಎಂಜಿ ಕಂಪನಿಯ ಆ್ಯಕ್ಟಿವ್ ಪಿಕಪ್‌ಗಳದು ಬೇರೆ ಬಗೆ. ಅವುಗಳಲ್ಲಿ ಪುಟ್ಟ ಆಂಪ್ಲಿಫೈಯರ್ ಪಿಕಪ್ಪಿನ ಒಳಗೇ ಮುಚ್ಚಿಕೊಂಡಿರುತ್ತದೆ. ಬ್ಯಾಟರಿ ಹೋದರೆ ದನಿಯೂ ಹೋಯಿತು; ದಾಟುವ ದಾರಿಯಿಲ್ಲ. ಗುಂಡಿಗಳೂ 25 ಕಿಲೋಓಮ್‌ನವೇ ಬೇಕು. ಆದರೂ ಈ ಸೀಮೆಯ ಬಯಲು ವೇದಿಕೆಗಳಿಗೆ ಅವುಗಳಲ್ಲಿ ಒಂದು ದೊಡ್ಡ ಗುಣವಿದೆ. ಸಾಮಾನ್ಯ ಬಾಸ್‌ನಲ್ಲಿ ಸದ್ದು ತಗ್ಗಿಸಲೆಂದು ತಂತಿಗಳನ್ನು ಕುದುರೆಯ ಮೂಲಕ ಕೇಬಲ್ಲಿನ ಅರ್ಥ್‌ಗೆ ಜೋಡಿಸಿರುತ್ತಾರೆ. ಅಂದರೆ ವಾದಕರ ಬೆರಳು ಸದಾ ವೇದಿಕೆಯ ಅರ್ಥ್‌ಗೆ ತಾಗಿರುತ್ತದೆ. ಆಂಪ್ಲಿಫೈಯರ್ ಒಂದು ಕಡೆಯ ಕರೆಂಟಿನಿಂದ, ಮಿಕ್ಸರ್ ಇನ್ನೊಂದು ಕಡೆಯಿಂದ ನಡೆಯುತ್ತಿದ್ದು, ಒಂದರ ಅರ್ಥಿಂಗ್ ಕೆಟ್ಟಿದ್ದರೆ, ತುಟಿ ಮೈಕಿಗೆ ತಾಗಿದ ಕ್ಷಣ ಶಾಕ್ ಹೊಡೆಯುತ್ತದೆ. ಮಳೆಯಲ್ಲಿ ನೆನೆದ ಗಣೇಶೋತ್ಸವದ ಮಂಟಪದಲ್ಲಿ ಇದು ಪ್ರಾಣಕ್ಕೇ ಸಂಚಕಾರ. ಇಎಂಜಿ ಪಿಕಪ್‌ಗಳಿಗೆ ತಂತಿಯನ್ನು ಅರ್ಥ್‌ಗೆ ಜೋಡಿಸುವ ಅಗತ್ಯವೇ ಇಲ್ಲ. ವೈರ್‌ಲೆಸ್ ಟ್ರಾನ್ಸ್‌ಮಿಟರ್ ಬಳಸಿದರೆ ಯಾವ ಬಾಸ್‌ನಲ್ಲಾದರೂ ಆ ಕೊಂಡಿ ಕಡಿಯುತ್ತದೆ. ಪಿಕಪ್ ಯಾವುದೇ ಇರಲಿ, ವೇದಿಕೆಯ ಪೂರೈಕೆಗೆ ವಿದ್ಯುತ್ ಸೋರಿದೊಡನೆ ಪೂರೈಕೆ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸದೆ ತಂತಿ ಮುಟ್ಟಬಾರದು. ದನಿಯ ಚರ್ಚೆಗಿಂತ ಇದು ಮೊದಲಿನದು.

ಈಗ ಮೀರಜ್‌ನ ಮಾತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ತಂತಿವಾದ್ಯ ಕಟ್ಟುವುದಕ್ಕೆ ಕೈ ಹಾಕಿದವು; ಫರೀದ್‌ಸಾಹೇಬರ ಹೆಸರು ಅವರಲ್ಲಿ ಮೊದಲು ಬರುತ್ತದೆ. ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆ ನಿಂತದ್ದು, ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಅವರಲ್ಲಿ ಕಲಿತದ್ದು ಈ ಊರಿನಲ್ಲೇ. 2024ರಲ್ಲಿ ಮೀರಜ್‌ನ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕುಡಚಿ, ಉಗಾರಖುರ್ದ, ರಾಯಬಾಗಗಳಿಂದ ರೈಲು ಹತ್ತಿದರೆ ನೇರ ಮೀರಜ್. ಬಾಸ್ ಗಿಟಾರ್‌ನವರಿಗೆ ಎದುರಾಗುವ ಆಯ್ಕೆಗಳಷ್ಟೂ ಇಲ್ಲಿನ ತಂಬೂರಿಗೆ ಇನ್ನೂ ಕಠಿಣ ರೂಪದಲ್ಲಿ ಎದುರಾಗುತ್ತವೆ.

ತಂಬೂರಿಯ ಖರ್ಜದ, ಅಂದರೆ ಮಂದ್ರ ಷಡ್ಜದ, ತಂತಿ ಹಿತ್ತಾಳೆಯದು. ಕಾಂತದ ಪಿಕಪ್‌ಗೆ ಹಿತ್ತಾಳೆ ಕಾಣಿಸುವುದಿಲ್ಲ. ಉಕ್ಕಿನ ಜೋಡಿ ಷಡ್ಜ ಮಾತ್ರ ಕೇಳಿ, ಅಡಿಪಾಯವಾದ ಖರ್ಜವೇ ಮಾಯವಾಗುತ್ತದೆ. ಹಾಗಾಗಿ ಪೀಜೊ ಪಿಕಪ್ ಬೇಕಾಗುತ್ತದೆ. ಒತ್ತಿದಾಗ ವಿದ್ಯುತ್ ಹುಟ್ಟಿಸುವ ಹರಳಿನ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಅದೇ ಇದರ ಮೂಲ. ಕುದುರೆಯ ಕೆಳಗೋ ತಬಲಿಯ ಮೇಲೋ ಇಟ್ಟರೆ ಇದು ಲೋಹದ ಭೇದ ನೋಡದೆ ಕಂಪನ ಹಿಡಿಯುತ್ತದೆ, ಗುಂಯ್ ಸದ್ದನ್ನು ಸುರುಳಿಯಂತೆ ಎಳೆದುಕೊಳ್ಳುವುದೂ ಇಲ್ಲ. ಆದರೆ ಇದಕ್ಕೆ ಬೇಕಾದ ತಡೆ ಬಹಳ ದೊಡ್ಡದು. ಒಂದು ನ್ಯಾನೋಫ್ಯಾರಡ್‌ನ ಪೀಜೊವನ್ನು 1 ಮೆಗಾಓಮ್‌ನ ಇನ್‌ಪುಟ್‌ಗೆ ಕೊಟ್ಟರೆ ಸುಮಾರು 160 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಕರಗತೊಡಗುತ್ತದೆ. ಕರಿ ಒಂದರ ಶ್ರುತಿಯಲ್ಲಿ ಖರ್ಜ ಇರುವುದು 69 ಹರ್ಟ್ಸ್‌ನಲ್ಲಿ. 10 ಮೆಗಾಓಮ್‌ನ ಬಫರ್ ಇಟ್ಟರೆ ಮಿತಿ 16 ಹರ್ಟ್ಸ್‌ಗೆ ಇಳಿದು ಖರ್ಜ ಪೂರ್ತಿ ಬರುತ್ತದೆ. ಪೀಜೊದ ದನಿ ತೆಳು, ಕರ್ಕಶ ಎಂಬ ದೂರಿನ ಬಹುಪಾಲು ಈ ಬಫರ್ ಇಲ್ಲದಿರುವುದರಿಂದ ಹುಟ್ಟಿದ್ದು. ಬಾಸ್‌ನ ಕುದುರೆಗೆ ಪೀಜೊ ಸೇರಿಸಿ ಕೊಡುವ ತಯಾರಕರ ಆಯ್ಕೆಗೂ ಇದೇ ಲೆಕ್ಕ ಅನ್ವಯ.

ತಂಬೂರಿಯ ಜೀವ ಇರುವುದು ಜವಾರಿಯಲ್ಲಿ. ಬಾಗಿದ ಕುದುರೆಯ ಮೇಲೆ ತಂತಿ ಸವರುತ್ತ ಕಂಪಿಸುವುದರಿಂದ, ಅಲುಗದ ಬಿಂದುವಿನಲ್ಲಿ ಮೀಟಿದಾಗ ನಿಯಮದ ಪ್ರಕಾರ ಹುಟ್ಟಬಾರದ ಉಪಸ್ವರಗಳೂ ಅಲ್ಲಿ ಹುಟ್ಟುತ್ತವೆ. ತಂಬೂರಿ ಮತ್ತು ವೀಣೆಯಲ್ಲಿ ಆ ನಿಯಮ ಮುರಿಯುವುದನ್ನು ಸಿ.ವಿ. ರಾಮನ್ 1921ರಲ್ಲಿ ತೋರಿಸಿದರು. ಎಂಥ ಪಿಕಪ್ ಆದರೂ ಈ ದನಿಯ ಒಂದಂಶವನ್ನಷ್ಟೇ ಹಿಡಿದೀತು. 1979ರಲ್ಲಿ ಬೆಂಗಳೂರಿನ ಜಿ. ರಾಜ್‌ನಾರಾಯಣ್ ರೂಪಿಸಿದ ವಿದ್ಯುನ್ಮಾನ ತಂಬೂರಿ ಬುರುಡೆ, ತಂತಿ ಎಲ್ಲವನ್ನೂ ಬಿಟ್ಟು ನಾದವನ್ನಷ್ಟೇ ಸರ್ಕಿಟ್ಟಿನಿಂದ ಹುಟ್ಟಿಸಿತು. ಊರೂರಿನ ಭಜನಾ ಮಂಡಳಿಗೆ, ಪಾಠದ ಕೋಣೆಗೆ ಅದು ದೊಡ್ಡ ಉಪಕಾರ. ಮೀರಜ್‌ನ ತಂಬೂರಿ ಇರುವವರು ಮಾತ್ರ ಅದಕ್ಕೆ ತೂತು ಕೊರೆಸಿ ಪಿಕಪ್ ಹಾಕಿಸಬಾರದು. ಮೇಣದಲ್ಲಿ ಅಂಟಿಸಿ ತೆಗೆಯಬಹುದಾದ ಪೀಜೊ ಅಥವಾ ಬುರುಡೆಯ ಹತ್ತಿರ ಹಿಡಿದ ಮೈಕು ಸಾಕು. ಮರಕ್ಕೆ ನೂರು ವರ್ಷ ಆಯುಷ್ಯ, ಸರ್ಕಿಟ್ಟಿಗೆ ಹತ್ತಿಪ್ಪತ್ತು.

ಬೆಲೆಬಾಳುವ ಬಾಸ್‌ಗೂ ಸಲ್ಲುವ ನಿಯಮ ಇದೇ. ಅದರ ಬೆಲೆಯ ದೊಡ್ಡ ಪಾಲು ಮರದಲ್ಲಿ, ಕತ್ತಿನ ಕೆಲಸದಲ್ಲಿ, ಕಟ್ಟಿದ ಕೈಯಲ್ಲಿದೆ. ಬೇಗ ಹಳತಾಗುವುದು ವಿದ್ಯುನ್ಮಾನ. ಆದ್ದರಿಂದ ಪಿಕಪ್‌ನ ಅಳತೆ ಆರಿಸುವಾಗ ಜಾಝ್ ಬಾಸ್‌ನಂಥ ರೂಢಿಯ ಆಕಾರಕ್ಕೆ ಅಥವಾ ಸೋಪಿನ ಬಿಲ್ಲೆಯಂತಿರುವ ಸೋಪ್‌ಬಾರ್ ಪಿಕಪ್ಪಿನ ಪ್ರಚಲಿತ ಅಳತೆಗೆ ಅಂಟಿಕೊಂಡರೆ ನಾಳೆ ಬೇರೆ ಕಂಪನಿಯದನ್ನು ಮರ ಕೆತ್ತದೆಯೇ ಕೂರಿಸಬಹುದು. ಒಬ್ಬರೇ ತಯಾರಕರ ವಿಶಿಷ್ಟ ಅಳತೆ ಆರಿಸಿದರೆ ಅವರು ನಿಲ್ಲಿಸಿದ ದಿನ ವಾದ್ಯಕ್ಕೆ ಉಳಿ ತಾಗುತ್ತದೆ. ಗುಂಡಿಗಳ ಗೂಡಿನಲ್ಲಿ ಎರಡು ಬ್ಯಾಟರಿಗೆ ಜಾಗ ಬಿಡಿಸಿಕೊಂಡಿದ್ದರೆ ಪ್ಯಾಸಿವ್ ಆಗಿ ಕೊಂಡ ಬಾಸನ್ನೂ ಮುಂದೆ ಆ್ಯಕ್ಟಿವ್ ಮಾಡಬಹುದು.

ದುರಸ್ತಿಯ ವಿಚಾರವೂ ಇದೆ. 250 ಕಿಲೋಓಮ್‌ನ ಪೊಟೆನ್ಶಿಯೋಮೀಟರನ್ನು ಚಿಕ್ಕೋಡಿಯಲ್ಲೋ ನಿಪ್ಪಾಣಿಯಲ್ಲೋ ಬೆಸುಗೆ ಬಲ್ಲ ರೇಡಿಯೊ ಮೆಕ್ಯಾನಿಕ್ ಒಬ್ಬರು ಬದಲಿಸಿಕೊಟ್ಟಾರು. ರಾಳದಲ್ಲಿ ಮುಚ್ಚಿದ ಪ್ರೀಆಂಪ್ ಬೋರ್ಡು ಕೆಟ್ಟರೆ ತಯಾರಕರಿಂದಲೇ ಹೊಸದು ತರಿಸಬೇಕು. ನಿಪ್ಪಾಣಿಯ ಪಶ್ಚಿಮಕ್ಕೆ ಮಳೆ ಹೆಚ್ಚು. ವೇದಗಂಗಾ, ದೂಧಗಂಗಾ ತುಂಬಿದ ದಿನಗಳಲ್ಲಿ ತೇವಕ್ಕೆ ಜ್ಯಾಕು, ಸ್ವಿಚ್ಚುಗಳು ಕಿಲುಬು ಹಿಡಿಯುತ್ತವೆ. ಅಥಣಿಯ ಪೂರ್ವಕ್ಕೆ ಒಣ ಸೀಮೆ. ಅಲ್ಲಿ ಗುಂಡಿಯೊಳಗೆ ಸೇರಿದ ಧೂಳು ತಿರುಗಿಸಿದಾಗ ಕರಕರ ಎನ್ನುತ್ತದೆ. ಬಾರ್ಟೊಲಿನಿ ಕಂಪನಿಯವುಗಳಂಥ, ಎಪಾಕ್ಸಿಯಲ್ಲಿ ಮುಳುಗಿಸಿದ ಪಿಕಪ್‌ಗಳಿಗೆ ತೇವದ ಭಯ ಕಡಿಮೆ. ಮುಚ್ಚಿದ ಮಾದರಿಯ ಪೊಟೆನ್ಶಿಯೋಮೀಟರ್ ಕೇಳಿ ಹಾಕಿಸಿದರೆ ಧೂಳಿನಿಂದಲೂ ರಕ್ಷಣೆ.

ಇಷ್ಟೆಲ್ಲ ನೋಡಿದ ಮೇಲೆ ಈ ಸೀಮೆಯ ವಾದಕರಿಗೆ ಹೊಂದುವ ಒಂದು ರೂಪ ಮೂಡುತ್ತದೆ: ರೂಢಿಯ ಅಳತೆಯ, ಗುಂಯ್ ಸದ್ದು ಅಳಿಸುವ ಎರಡು ಪಿಕಪ್, ಪ್ಯಾಸಿವ್ ಆಗಿಯೂ ನಡೆಯುವ ಟೋನ್ ಗುಂಡಿ, ಮಧ್ಯವನ್ನೂ ತಿದ್ದಬಲ್ಲ, ಸ್ವಿಚ್ಚಿನಿಂದ ದಾಟಬಲ್ಲ ಪ್ರೀಆಂಪ್, ಚೀಲದಲ್ಲಿ ಡಿಐ ಬಾಕ್ಸ್. ಸ್ಟುಡಿಯೊದಲ್ಲಷ್ಟೇ ನುಡಿಸುವವರಿಗೆ ಒಂಟಿ ಸುರುಳಿಯ ಶುದ್ಧ ಪ್ಯಾಸಿವ್ ಬಾಸ್ ಇದಕ್ಕಿಂತ ಚೆಂದ. ಅಲ್ಲಿ ಗುಂಯ್ ಸದ್ದು ಕಡಿಮೆಯಾಗುವ ದಿಕ್ಕಿಗೆ ವಾದ್ಯವನ್ನು ತಿರುಗಿಸಿ ಕೂರಲು ಅವಕಾಶವಿದೆ.

ಆರ್ಡರಿಗೆ ಮುನ್ನ ಪರೀಕ್ಷೆ ಬೇಕು. ಒಂದೇ ಹಾಡಿನ ಒಂದೇ ಸಾಲನ್ನು ಪ್ರೀಆಂಪ್ ಹಾಕಿ ಒಮ್ಮೆ, ದಾಟಿ ಒಮ್ಮೆ ಧ್ವನಿಮುದ್ರಿಸಿ, ಎರಡರ ಮಟ್ಟವನ್ನು ಸಮ ಮಾಡಿ, ಉಳಿದ ವಾದ್ಯಗಳ ನಡುವೆ ಇಟ್ಟು ಕೇಳಬೇಕು. ಮಟ್ಟ ಸಮ ಮಾಡದಿದ್ದರೆ ಜೋರಾದದ್ದೇ ಚೆನ್ನಾಗಿ ಕೇಳಿಸುತ್ತದೆ, ಪ್ರೀಆಂಪ್ ಸಾಮಾನ್ಯವಾಗಿ ಕೊಂಚ ಜೋರು. ವಾದ್ಯ ಕೈಗೆ ಬಂದ ಮೇಲೆ ಗುಂಡಿಗಳ ಗೂಡಿಗೆ ತಾಮ್ರದ ಹಾಳೆ ಅಂಟಿಸಿ ಅರ್ಥ್‌ಗೆ ಜೋಡಿಸಿದ್ದಾರೆಯೇ ಎಂದು ಮುಚ್ಚಳ ತೆಗೆದು ನೋಡಬೇಕು, ವೈರಿಂಗ್ ನಕ್ಷೆ ಕೇಳಿ ಪಡೆಯಬೇಕು. ಮುಂದೆ ಎಂದಾದರೂ ಪಿಕಪ್ ಅಥವಾ ಪ್ರೀಆಂಪ್ ಬದಲಿಸಿದರೆ ಬಿಚ್ಚಿದ ಮೂಲ ಸಾಮಾನನ್ನು ವೈರು ಕತ್ತರಿಸದೆ, ಬೆಸುಗೆ ಕರಗಿಸಿ ತೆಗೆದು, ನಕ್ಷೆಯ ಜೊತೆ ಪೆಟ್ಟಿಗೆಯಲ್ಲೇ ಇಡಬೇಕು. ಮಾರುವಾಗ ಅಂಥ ವಾದ್ಯದ ಬೆಲೆ ಬೀಳುವುದಿಲ್ಲ.